ಕ್ಯಾಮೆರಾಕ್ಕೆ ಬಿದ್ದ ಅಕ್ಕಿಕಾಳು

ನಮ್ಮ ಪುಷ್ಪಲತಾ ಅತ್ತಿಗೆ ರಾಣೆಬೆನ್ನೂರಿನಲ್ಲಿ ಹೊಲಿಗೆ ಕೆಲಸ ಮಾಡುತ್ತಾರೆ. ವಾರವೆಲ್ಲ ಮಷೀನಿನ ಮುಂದೆ ಬೆನ್ನು ಬಗ್ಗಿಸಿ ಕೂತವರು, ರವಿವಾರ ಬಂತೆಂದರೆ ಕುಮಾರಪಟ್ಟಣದ ಬಸ್ಸು ಹತ್ತಿ ತುಂಗಭದ್ರೆಗೆ ಹೋಗಿಬಿಡುತ್ತಾರೆ. ಬಟ್ಟೆ ಒಗೆಯಲಿಕ್ಕಲ್ಲ, ಹರಗೋಲು ನಡೆಸಲಿಕ್ಕೆ! ಜಂಪರು ಹೊಲಿಸಲು ಬರುವ ಮೈಮುನಾಬಿ ಒಮ್ಮೆ ಕರೆದೊಯ್ದರು. ಹೊಳೆಯಲ್ಲಿ ಮೀನು ಹಿಡಿಯುವ ಅವರ ಗಂಡ ಬಾಬಾಜಾನ ಹುಟ್ಟನ್ನು ಅತ್ತಿಗೆಯ ಕೈಗೆ ಕೊಟ್ಟ. ಮೊದಲ ದಿನ ಹರಗೋಲು ಇದ್ದಲ್ಲೇ ಬುಗುರಿಯಂತೆ ತಿರುಗಿತಂತೆ. ಈಗ ಆಚೆ ದಂಡೆಗೆ ಒಬ್ಬರೇ ಹೋಗಿ ಬರುತ್ತಾರೆ.

ಅಣ್ಣ ಕೊಟ್ರೇಶನದು ಬ್ಯಾಡಗಿಯಲ್ಲಿ ಮೆಣಸಿನಕಾಯಿ ದಲಾಲಿ. ಅಂಥ ಖಾರಕ್ಕೆ ಹೆದರದ ಮನುಷ್ಯ ಮೊಣಕಾಲುದ್ದ ನೀರಿಗೆ ಹೆದರುತ್ತಾನೆ. ಒಂದು ದಿನ ಬೆಂಕಿಪೊಟ್ಟಣದಷ್ಟು ಸಣ್ಣ ವಿಡಿಯೊ ಕ್ಯಾಮೆರಾ ತಂದ. ನೀರಿನಲ್ಲಿ ಮುಳುಗಿದರೂ ಕೆಡುವುದಿಲ್ಲವಂತೆ.

"ಇದನ್ನ ಹರಗೋಲಿನ ಅಂಚಿಗೆ ನಿನ್ನ ಕಡೆ ಮಾರಿ ಮಾಡಿ ಸಿಗಸು. ಹತ್ತಿದಾಗಿಂದ ಇಳಿಯೂತನಾ ಎಲ್ಲಾ ಬರಬೇಕು. ಒಂದ ವಾರ ಬರಲಿಲ್ಲಂದ್ರ ಹೊಳಿ ಬಂದ್," ಎಂದ.

ರವಿವಾರ ಸಂಜೆ ಅದನ್ನು ಟಿವಿಗೆ ಹಚ್ಚಿಕೊಂಡು ತಪ್ಪು ಹುಡುಕುವುದೇ ಅವನ ಉದ್ಯೋಗವಾಯಿತು. ನೀರಲ್ಲಿ ತೇಲಿಸುವ ಜಾಕೀಟಿನ ಪಟ್ಟಿ ಯಾಕೆ ಸಡಿಲ, ನಡುಹೊಳೆಯಲ್ಲಿ ಯಾಕೆ ನಿಂತೆ, ಒಂದೇ ಎರಡೇ. "ಮಧು, ಇದು ಕ್ಯಾಮೆರಾ ಅಲ್ಲೋ, ನನಗ ಇನ್ನೊಬ್ಬಾಕಿ ಅತ್ತಿ," ಎಂದು ಅತ್ತಿಗೆ ನನ್ನ ಹತ್ತಿರ ಗೊಣಗುತ್ತಿದ್ದರು.

ದಸರೆ ಬಂತು. ಖಂಡೆಪೂಜೆಯ ದಿನ ಅಣ್ಣ ತಕ್ಕಡಿ, ಸ್ಕೂಟರು, ಹೊಲಿಗೆ ಮಷೀನುಗಳ ಜೊತೆ ಕ್ಯಾಮೆರಾವನ್ನೂ ಪೂಜೆಗಿಟ್ಟ. ಅದಕ್ಕೆ ಚಾರ್ಜು ತುಂಬಿಸಿ ಕೊಡುವವನೂ ಅವನೇ.

ಮರು ರವಿವಾರ ನಡುಹೊಳೆಯಲ್ಲಿ ತೆರೆಯೊಂದು ನೀರೆರಚಿ ಕ್ಯಾಮೆರಾ ತೊಯ್ದಿತು. ತೊಯ್ಯುವುದು ಅದಕ್ಕೆ ಹೊಸದಲ್ಲ. ಆದರೆ ಅಂದು ಗಾಜಿನ ಒಳಗೆ ಹನಿ ಕಟ್ಟಿತು, ಕೆಂಪು ದೀಪ ಆರಿತು. ಅತ್ತಿಗೆ ಹೇಗೋ ದಂಡೆ ಮುಟ್ಟಿದರು.

"ನಂದು ಹೊಳಿ ಮುಗೀತು, ಬಾಬಾಜಾನಣ್ಣ."

"ಅಳಬ್ಯಾಡ್ರೀ ಅಕ್ಕಾರ. ಅಕ್ಕಿ ಡಬ್ಬ್ಯಾಗ ಇಟ್ಟ ನೋಡ್ರಿ, ನೀರ ಹೀರತೈತಿ," ಎಂದ ಬಾಬಾಜಾನ.

ಆದರೆ ಮನೆಯ ಬಾಗಿಲಲ್ಲೇ ಅಣ್ಣ ಕಾಯುತ್ತಿದ್ದ. ಅತ್ತಿಗೆ ಕ್ಯಾಮೆರಾವನ್ನು ಅವನ ಮುಂದೆ ಹಿಡಿದರು. ಅವನು ಅದನ್ನು ತಿರುಗಿಸಿ ನೋಡಿ ನನ್ನ ಕೈಗೆ ಕೊಟ್ಟ. ವಿಡಿಯೊ ಇರುವ ಕಾರ್ಡಾದರೂ ಉಳಿದಿದೆಯೇ ನೋಡೋಣವೆಂದು ಬ್ಯಾಟರಿಯ ಬಾಗಿಲು ತೆಗೆದೆ. ನೀರು ತಡೆಯುವ ರಬ್ಬರಿನ ಮೇಲೆ, ಕುಂಕುಮ ಮೆತ್ತಿದ ಒಂದು ಅಕ್ಕಿಕಾಳು!

"ಒಳಗ ಯಾಕ ಹಾಕಿದ್ರಿ?" ಎಂದರು ಅತ್ತಿಗೆ.

"ಅದರ ಜೀವ ಇರೂದು ಒಳಗ ಅಲ್ಲೇನು? ಪೂಜಿ ಜೀವಕ್ಕ ಮಾಡಬೇಕು," ಎಂದ ಅಣ್ಣ, ಸಿಕ್ಕಿಬಿದ್ದ ಕಳ್ಳನ ಹಾಗೆ.

ಕಾರ್ಡು ಒರೆಸಿ ಟಿವಿಗೆ ಹಚ್ಚಿದೆ. ಮೊದಲು ಬಂದದ್ದು ಹೊಳೆಯಲ್ಲ, ಅಣ್ಣನ ಮೂಗು. ಪೂಜೆಯ ಗಡಿಬಿಡಿಯಲ್ಲಿ ಗುಂಡಿ ಒತ್ತಿಬಿಟ್ಟಿದ್ದಾನೆ. ಕೈ ಮುಗಿದು ಕ್ಯಾಮೆರಾಕ್ಕೆ ಹೇಳುತ್ತಿದ್ದಾನೆ:

"ನೋಡಪಾ, ನನಗ ಈಜಾಕ ಬರೂದಿಲ್ಲ. ಅಕಿ ಮುಳುಗಿದ್ರ ದಂಡ್ಯಾಗ ನಿಂತು ಒದರಾಕಷ್ಟ ಬರತೈತಿ. ಬಂದ್ ಅಂತೇನಿ ಖರೇ, ಹೊಳಿಗೆ ಹೋಗಿ ಬಂದ ದಿನ ಅಕಿ ಮಾರಿ ನೋಡಿದ್ರ ಬ್ಯಾಡ ಅನ್ನಾಕ ಬಾಯಿ ಬರೂದಿಲ್ಲ. ನೀನರ ಅಕಿ ಸಂಗಾಟ ಇರು."

ಅಣ್ಣ ಎದ್ದು ಟಿವಿ ಆರಿಸಲು ಹೋದ, ರಿಮೋಟು ಸಿಗಲಿಲ್ಲ. ಅತ್ತಿಗೆಗೆ ಹೋದ ಜೀವ ಬಂದಂತಾಗಿತ್ತು. ಅತ್ತುಕೊಂಡೇ ನಗುತ್ತ ಹೇಳಿದರು: "ಇನ್ನ ಮ್ಯಾಲೆ ಅಕ್ಕಿಕಾಳ ಹಾಕೂದಿದ್ರ ನನ್ನ ತಲಿಮ್ಯಾಲ ಹಾಕ್ರಿ. ಅದರಾಗ ನೀರ ಹೊಕ್ಕರ ಏನೂ ಕೆಡೂದಿಲ್ಲ."

ಬಾಬಾಜಾನ ಹೇಳಿದಂತೆ ಅಕ್ಕಿ ಡಬ್ಬಿಯಲ್ಲಿ ಇಟ್ಟರೂ ಕ್ಯಾಮೆರಾ ಬದುಕಲಿಲ್ಲ, ಇನ್ನೂ ಅಲ್ಲೇ ಇದೆ. ಅದನ್ನು ಕೇಳುವವರೂ ಇಲ್ಲ. ಈಗ ರವಿವಾರ ಮುಂಜಾನೆ ಅಣ್ಣ ಬಾಗಿಲಲ್ಲಿ ನಿಂತು, ಹೊಳೆಗೆ ಹೊರಟ ಹೆಂಡತಿಯ ತಲೆಯ ಮೇಲೆ ನಾಲ್ಕು ಅಕ್ಕಿಕಾಳು ಹಾಕುತ್ತಾನೆ.

ನಮ್ಮಲ್ಲಿ ಅಕ್ಕಿಕಾಳು ಎಂದರೆ ಮದುವೆ. ಎದುರು ಮನೆಯ ಪ್ರೇಮವ್ವ ಕಸಬರಿಗೆ ಹಿಡಿದು ನಿಂತು ಪ್ರತಿ ಸಲ ಕೇಳುತ್ತಾಳೆ: "ಏನ ಕೊಟ್ರೇಶಪ್ಪ, ಈ ವಾರನೂ ಮದುವಿ ಏನು?"

"ಹೂಂ ಬೇ, ಈ ವಾರನೂ ಅಕಿನ್ನ ಆಗೂದು," ಎನ್ನುತ್ತಾನೆ ಅಣ್ಣ.