ಕೂಪೆಯ ಮೈಮೇಲೆ ನನ್ನ ಅಂಗೈ

ಕಳೆದ ಡಿಸೆಂಬರಿನ ಒಂದು ಶುಕ್ರವಾರ, ದುಬೈಯ ಅಲ್ ಕೂಜ್‌ನ ಗ್ಯಾರೇಜೊಂದರಲ್ಲಿ ನಾನು ಕಣ್ಣು ಮುಚ್ಚಿಕೊಂಡು ಒಂದು ಕಾರನ್ನು ಸವರುತ್ತ ನಿಂತಿದ್ದೆ. ಚೂಡಿದಾರದ ಮೇಲೆ ಗಂಡನ ಏಪ್ರನ್, ಕೈಯಲ್ಲಿ ತೆಳ್ಳನೆಯ ಹತ್ತಿಯ ಗ್ಲೌಸ್. ಯಾರಾದರೂ ನೋಡಿದ್ದರೆ ಏನೆಂದುಕೊಳ್ಳುತ್ತಿದ್ದರೋ!

ನಾನು ಹೋಗಿದ್ದು ಊಟ ಕೊಡಲಿಕ್ಕೆ. ನನ್ನ ಗಂಡ ಹರೀಶ್, ಊರು ಉಡುಪಿ ಹತ್ತಿರದ ಕಟಪಾಡಿ. ಇಪ್ಪತ್ತು ವರ್ಷದಿಂದ ದುಬೈಯಲ್ಲಿ ಡೆಂಟರ್. ಎಲ್ಲೋ ಗುದ್ದಿ ನೆಗ್ಗಿದ ಕಾರಿನ ಮೈಯನ್ನು ಮೊದಲಿನಂತೆ ಮಾಡುವ ಕೆಲಸ. (ಡೆಂಟ್ ತೆಗೆಯುವವರಿಗೆ ಡೆಂಟರ್ ಅಂತ ಯಾಕೆ ಹೆಸರೋ! ಡೆಂಟ್ ಮಾಡಿದವರಿಗಲ್ಲವೇ ಅದು ಸಲ್ಲಬೇಕಾದ್ದು?)

ಶುಕ್ರವಾರ ಗ್ಯಾರೇಜಿಗೆ ರಜೆ, ಬೇರೆ ಯಾರೂ ಇರಲಿಲ್ಲ. ನಡುವೆ ಒಂದು ಕೂಪೆ ನಿಂತಿತ್ತು. ಎರಡೇ ಬಾಗಿಲಿನ, ತಗ್ಗು ಮಾಡಿನ (ಛಾವಣಿಯ) ಸ್ಪೋರ್ಟ್ಸ್ ಕಾರು. ಸಂಜೆ ಕಪ್ಪಾಗುವ ಮೊದಲು ಆಕಾಶಕ್ಕೆ ಒಂದು ನೀಲಿ ಬರುತ್ತದಲ್ಲ, ಆ ಬಣ್ಣ. ನಾನು ಅದನ್ನೇ ನೋಡುತ್ತ ನಿಂತುಬಿಟ್ಟೆ. ನಿಂತಲ್ಲೇ ಎಲ್ಲಿಗೋ ಹೋಗುತ್ತಿರುವ ಹಾಗಿತ್ತು ಅದು.

ಹಿಂದಿನ ಚಕ್ರದ ಮೇಲೆ ಮಾತ್ರ ಅಂಗೈಯಗಲದ ತಗ್ಗು, ಇವರು ಆಗಲೇ ಮುಕ್ಕಾಲು ಎತ್ತಿದ್ದರು. ಅಲ್ಲಿ ಬಣ್ಣ ಕೆರೆದು ಬರೀ ಲೋಹ ಕಾಣುತ್ತಿತ್ತು. ಅಬುಧಾಬಿಯ ಒಬ್ಬ ಹಿರಿಯ ಅರಬರ ಕಾರಂತೆ. ಪಾರ್ಕಿಂಗಿನ ಕಂಬಕ್ಕೆ ತಾವೇ ತಾಗಿಸಿಕೊಂಡಿದ್ದರು.

"ಹೊಸ ಪೀಸ್ ಹಾಕಿದರಾಯ್ತಲ್ಲ?" ಅಂದೆ.

"ಪೀಸ್ ಎಲ್ಲಿ ಉಂಟು ಮಾರಾಯ್ತಿ? ಜಾಯಿಂಟ್ ತೋರಿಸು ನೋಡುವ!" (ನಾವು ಮಾತಾಡುವುದು ತುಳುವಿನಲ್ಲಿ. ನಿಮಗಾಗಿ ಕನ್ನಡ.)

ಹುಡುಕಿದೆ. ಇರಲಿಲ್ಲ. ಮಾಡಿನ ಅಂಚಿನಿಂದ ಹಿಂದಿನ ದೀಪದವರೆಗೆ ಒಂದೇ ಅಲ್ಯೂಮಿನಿಯಂ ಹಾಳೆ. ಎಲ್ಲೂ ಹೊಲಿಗೆಯಿಲ್ಲ. ಬದಲಾಯಿಸಬೇಕೆಂದರೆ ಕಾರನ್ನೇ ಕೊಯ್ಯಬೇಕು. ಆ ಹಿರಿಯರು ಎರಡೇ ಮಾತು ಹೇಳಿ ಹೋಗಿದ್ದರಂತೆ: "ಕಟ್ ಮಾಫಿ." ಕೊಯ್ಯುವುದು ಬೇಡ.

ಇವರು ಊಟ ಬಿಟ್ಟು ಕಾರಿನ ಬಗ್ಗೆ ಹೇಳಲಿಕ್ಕೆ ಶುರುಮಾಡಿದರು. ಇಂಜಿನ್ ಮುಂದೆ, ಆದರೆ ಅದರ ಬಲವೆಲ್ಲ ಹೋಗುವುದು ಹಿಂದಿನ ಚಕ್ರಕ್ಕೆ. ಹಾಗಾಗಿ ಆ ಚಕ್ರಗಳು ಅಗಲ. ಅಗಲ ಚಕ್ರವನ್ನು ಮುಚ್ಚಲಿಕ್ಕೆ ಮೈ ಅಲ್ಲಿ ಉಬ್ಬಬೇಕು. ಉಬ್ಬಿದ್ದು ಗಾಳಿಗೆ ಅಡ್ಡ ಬರಬಾರದು, ಅದಕ್ಕೆ ಮತ್ತೆ ನಿಧಾನವಾಗಿ ಇಳಿಯಬೇಕು. "ಚಂದಕ್ಕೆ ಅಂತ ಮಾಡಿದ್ದಲ್ಲ ಇದು. ಲೆಕ್ಕ ಸರಿಯಾದದ್ದಕ್ಕೆ ಚಂದ ಆದದ್ದು."

ಬಾಗಿಲು ತೆಗೆದು ತೋರಿಸಿದರು. ಹಿಡಿ ಎಳೆದ ಕೂಡಲೇ ಕಿಟಕಿಯ ಗಾಜು ಒಂದು ಬೆರಳಿನಷ್ಟು ಕೆಳಗಿಳಿಯಿತು. ಹಾಕಿದ ಮೇಲೆ ತಾನೇ ಮೇಲೆ ಹೋಗಿ ರಬ್ಬರಿನೊಳಗೆ ಕೂತಿತು. ಬಾಗಿಲಿಗೆ ಚೌಕಟ್ಟೇ ಇಲ್ಲವಲ್ಲ, ಅದಕ್ಕೆ. ಎಷ್ಟು ಮೆತ್ತಗೆ! ನಮ್ಮ ಮದುವೆಯಾದ ಹೊಸತರಲ್ಲೂ ಇವರು ಇಷ್ಟು ಹೊತ್ತು ಮಾತಾಡಿದ್ದಿಲ್ಲ.

ಆಮೇಲೆ ಸುತ್ತಿಗೆ ಕೈಗೆತ್ತಿಕೊಂಡು ಮತ್ತೆ ಕೆಳಗಿಟ್ಟರು.

"ನಿನ್ನ ಕೈ ಕೊಡು ಒಮ್ಮೆ. ನನಗೆ ಗೊತ್ತಾಗುವುದಿಲ್ಲ."

"ಏನು ಗೊತ್ತಾಗುವುದಿಲ್ಲ?"

"ಬಲಗೈ ಬೆರಳು. ಆರು ತಿಂಗಳಾಯ್ತು, ಜೋಮು ಹಿಡಿದ ಹಾಗೆ. ತಗ್ಗು ಯಾವುದು, ಉಬ್ಬು ಯಾವುದು ಒಂದೂ ತಿಳಿಯುವುದಿಲ್ಲ. ಬೇರೆ ಕಾರಿಗಾದರೆ ಪೀಸ್ ಬದಲಾಯಿಸಿ ಹೇಗಾದರೂ ಸುಧಾರಿಸುತ್ತಿದ್ದೆ."

ಡೆಂಟರಿಗೆ ಕಣ್ಣಿಗಿಂತ ಅಂಗೈ ಮುಖ್ಯ. ಕೆರೆದ ಲೋಹಕ್ಕೆ ಹೊಳಪಿಲ್ಲ, ಕಣ್ಣಿಗೆ ಎಲ್ಲ ಸಮವಾಗಿಯೇ ಕಾಣುತ್ತದೆ. ಪೇಂಟ್ ಬಿದ್ದ ಮೇಲೆ ತಪ್ಪು ಕಂಡರೆ ಖಲಾಸ್. ಅಲ್ಯೂಮಿನಿಯಂ ಬೇರೆ, ಬಡಿದಷ್ಟೂ ಗಟ್ಟಿಯಾಗಿ ಕೊನೆಗೆ ಸೀಳಿಹೋಗುತ್ತದೆ.

"ಎಡಗೈ?"

"ಅದಕ್ಕೆ ಕಲಿಸಿಯೇ ಇಲ್ಲವಲ್ಲ."

ಸೂಪರ್‌ವೈಸರ್ ಇಲ್ಯಾಸ್ ಭಾಯಿಗೆ ಹೇಳಿರಲಿಲ್ಲ. ಹೇಗೆ ಹೇಳುವುದು? ವೀಸಾ ಇರುವುದು ಆ ಕೆಲಸದ ಮೇಲೆ, ಕೆಲಸ ಇರುವುದು ಆ ಬೆರಳುಗಳ ಮೇಲೆ. ಮಗಳು ಹತ್ತನೇ ಕ್ಲಾಸು.

ನಾನು ಏಪ್ರನ್ ಹಾಕಿಕೊಂಡೆ.

"ಒತ್ತಬೇಡ. ಕೈ ತೇಲಿಸು. ಕಣ್ಣು ಮುಚ್ಚು."

ಮೊದಲ ಹತ್ತು ನಿಮಿಷ ನನಗೆ ತಣ್ಣನೆಯ ಲೋಹ ಬಿಟ್ಟು ಬೇರೇನೂ ಗೊತ್ತಾಗಲಿಲ್ಲ. ಆಮೇಲೆ ಮೆಲ್ಲಗೆ ಅದು ತೆರೆದುಕೊಂಡಿತು. ಅಲ್ ಐನ್ ರಸ್ತೆಯಲ್ಲಿ ಗಾಳಿ ತಿದ್ದಿದ ಮರಳ ದಿಬ್ಬಗಳಿವೆಯಲ್ಲ, ಅವುಗಳ ಮೇಲೆ ಬೆಳಗಿನ ಹೊತ್ತು ನಾನೇ ಹಾರಿಹೋಗುತ್ತಿದ್ದೇನೆ ಅನ್ನಿಸಿತು. ಏರಿಕೆ ಎಲ್ಲಿ ಮುಗಿಯಿತು, ಇಳಿಜಾರು ಎಲ್ಲಿ ಶುರುವಾಯಿತು, ಹೇಳಲಾಗದು. ಯಾವುದೋ ದೇಶದಲ್ಲಿ ಯಾರೋ ಒಬ್ಬರು ಈ ತಿರುವನ್ನು ಎಷ್ಟು ದಿನ ಕನಸಿನಲ್ಲಿ ಸವರಿರಬೇಕು! ಹೊರಗೆ ಲಾರಿಗಳ ಸದ್ದಿತ್ತು. ನನಗೆ ಕೇಳಿಸಲಿಲ್ಲ.

ಆ ಏರಿಕೆಯಲ್ಲಿ ಒಂದು ಕಡೆ ಕೈ ಚೂರೇ ಮುಳುಗಿತು. ಒಂದು ಕಾಗದದಷ್ಟು.

"ಇಲ್ಲಿ!"

ಅವರು ಅಲ್ಲಿ ಬಿಸಿಗಾಳಿ ಹಾಯಿಸಿದರು. ಒಳಬದಿಯಿಂದ ಸರಳು ತೂರಿಸಿ ಸ್ವಲ್ಪವೇ ಒತ್ತಿದರು. ಮೇಲಿನಿಂದ ಟಕ್ ಟಕ್. ನಾನು ಮತ್ತೆ ಸವರಿದೆ.

"ಇನ್ನು ಚೂರು... ಸಾಕು, ಸಾಕು!"

ಹೀಗೆ ಎರಡು ಶುಕ್ರವಾರ. ಟಿಫಿನ್ ಎರಡೂ ದಿನ ತಣ್ಣಗಾಯಿತು. ಎರಡನೇ ಶುಕ್ರವಾರ ಮಸೀದಿಯಲ್ಲಿ ಇಳಿಹೊತ್ತಿನ ಅಸರ್ ಬಾಂಗ್ ಆಗುವ ಹೊತ್ತಿಗೆ ನನ್ನ ಕೈ ಮಾಡಿನಿಂದ ಹಿಂದಿನ ದೀಪದವರೆಗೆ ಎಲ್ಲೂ ತಡೆಯದೆ ಹೋಯಿತು. ಪುನಃ ಹೋಯಿತು. ಇವರು ನನ್ನ ಮುಖವನ್ನೇ ನೋಡುತ್ತಿದ್ದರು. ನಾನು ತಲೆಯಾಡಿಸಿದೆ.

ಪೇಂಟ್ ಆದ ಮೇಲೆ ಆ ಹಿರಿಯರು ಬಂದರು. ನಾನು ರಜೆ ಹಾಕಿ ಹೋಗಿದ್ದೆ. ಅವರು ಕಾರಿನ ಸುತ್ತ ಒಂದು ಸುತ್ತು ಬಂದರು, ಮತ್ತೆ ಹಿಂದಿನ ಚಕ್ರದ ಮೇಲೆ ಅಂಗೈ ಇಟ್ಟು ಬಾಲದವರೆಗೆ ಸವರಿದರು. ಆ ಕೈ ಎಲ್ಲೂ ನಿಲ್ಲಲಿಲ್ಲ! ಅವರು ಇವರ ಬಲಗೈಯನ್ನು ತಮ್ಮ ಎರಡೂ ಕೈಯಲ್ಲಿ ಹಿಡಿದು, "ಗೋಲ್ಡನ್ ಹ್ಯಾಂಡ್, ಮಾಶಾ ಅಲ್ಲಾ" ಅಂದರು.

ಇವರ ಮುಖ ಸಣ್ಣದಾಯಿತು. ಕಾರು ಗೇಟು ದಾಟಿದ ಕೂಡಲೇ ಇಲ್ಯಾಸ್ ಭಾಯಿಯ ಎದುರು ಹೋಗಿ ನಿಂತರು.

"ಭಾಯಿ, ಆ ಕೈ ನನ್ನದಲ್ಲ. ಇವಳದ್ದು." ಎಲ್ಲ ಹೇಳಿಬಿಟ್ಟರು.

ಇಲ್ಯಾಸ್ ಭಾಯಿ ಭಟ್ಕಳದವರು, ಮಾತು ಕಡಿಮೆ. "ನಿಮ್ಮ ಕೈಯಿಂದ ಚಾ ಗ್ಲಾಸು ಮೂರು ಸಲ ಬಿದ್ದದ್ದು ನೋಡಿದ್ದೇನೆ ಹರೀಶ್. ನೀವೇ ಹೇಳ್ತೀರಿ ಅಂತ ಕಾಯ್ತಿದ್ದೆ. ಮೊದಲು ಡಾಕ್ಟರಿಗೆ ತೋರಿಸಿ. ಅಲ್ಲಿವರೆಗೆ ಕೂತು ಉಳಿದವರಿಗೆ ಹೇಳಿಕೊಡಿ. ಯಲ್ಲಾ, ಹೊರಡಿ, ಮನೆಗೆ ಹೋಗಿ."

ಮಣಿಕಟ್ಟಿನಲ್ಲಿ ನರ ಒತ್ತಿಕೊಂಡಿತ್ತಂತೆ. ವರ್ಷಗಟ್ಟಲೆ ಸುತ್ತಿಗೆ ಹಿಡಿದದ್ದಕ್ಕೆ. ಜನವರಿಯಲ್ಲಿ ಸಣ್ಣ ಆಪರೇಷನ್ ಆಯಿತು. ಈಗ ಹೆಬ್ಬೆರಳು, ತೋರುಬೆರಳು ಸರಿಯಾಗಿವೆ. ನಡುಬೆರಳಿನ ತುದಿ ಇನ್ನೂ ಸ್ವಲ್ಪ ಮಂಕು. ಹೋದ ವಾರದಿಂದ ಇವರು ಮತ್ತೆ ಕೆಲಸಕ್ಕೆ ಕೈ ಹಾಕಿದ್ದಾರೆ.

ನಾನೇನು ಕೆಲಸ ಮಾಡುತ್ತೇನೆಂದು ಈ ಅಂಕಣದ ಹೊಸ ಓದುಗರಿಗೆ ಗೊತ್ತಿರಲಿಕ್ಕಿಲ್ಲ. ಬರ್ ದುಬೈಯ ಒಂದು ಕ್ಲಿನಿಕ್ಕಿನಲ್ಲಿ ರಿಸೆಪ್ಷನಿಸ್ಟ್. ದಿನಾ ಫಾರ್ಮ್ ತುಂಬಿಸುತ್ತ ಗುರುತಿಲ್ಲದವರನ್ನೆಲ್ಲ ಕೇಳುತ್ತೇನೆ, ನೋವು ಎಲ್ಲಿ, ಎಷ್ಟು ದಿನದಿಂದ ಅಂತ.

ಕಾರಿನ ಮೈಯಲ್ಲಿ ಕಾಗದದಷ್ಟು ತಗ್ಗನ್ನು ಹಿಡಿದ ನನ್ನ ಈ ಕೈಗೆ, ಗಂಡನ ಬೆರಳು ಆರು ತಿಂಗಳಿಂದ ಮರಗಟ್ಟಿದ್ದು ಯಾಕೆ ಗೊತ್ತಾಗಲಿಲ್ಲ?