ಹನ್ನೊಂದು ಪಾಸ್‌ಪೋರ್ಟ್ ಮತ್ತು ಒಂದು ಗುಮ್ಮಟ

ಇಟಲಿಯಲ್ಲಿ ಜೇಬುಗಳ್ಳರಿಂದ ಪಾರಾಗುವುದು ಹೇಗೆ ಎಂದು ಸಿಡ್ನಿಯ ಕನ್ನಡಿಗರಿಗೆ ಪಾಠ ಹೇಳುತ್ತಿದ್ದವನು ನಾನು. ಅಲ್ಲಿಯವರೆಗೆ ಇಟಲಿಗೆ ನಾನು ಕಾಲಿಟ್ಟಿರಲಿಲ್ಲ. ಅದು ಯಾರಿಗೂ ಅಡ್ಡಿಯಾಗಿ ಕಾಣಲಿಲ್ಲ, ನನಗಂತೂ ಇಲ್ಲವೇ ಇಲ್ಲ. ಹೋಗಿ ಕಳೆದುಕೊಂಡು ಬಂದವರು ಹೇಳಿದ್ದನ್ನೆಲ್ಲ ಬರೆದಿಟ್ಟುಕೊಂಡು ಮೂವತ್ತೆರಡು ಸ್ಲೈಡ್ ಮಾಡಿದ್ದೆ. ಎಪ್ಪಿಂಗ್ ಬಡಾವಣೆಯ ನಮ್ಮ ಅಪಾರ್ಟ್‌ಮೆಂಟಿನಲ್ಲಿ ಚಹಾ, ಚುರುಮುರಿ ಕೊಟ್ಟು ಅವನ್ನು ತೋರಿಸುತ್ತಿದ್ದೆ.

ಹೋಟೆಲಿನ ಟೇಬಲ್ ಮೇಲೆ ಫೋನ್ ಇಡಬೇಡಿ. ಸಹಿ ಹಾಕಿ ಎಂದು ಕಾಗದ ಹಿಡಿದು ಬಂದವರ ಹತ್ತಿರ ನಿಲ್ಲಬೇಡಿ. ಕೈಗೆ ದಾರ ಕಟ್ಟಲು ಬಂದವನಿಗೆ ಕೈ ಕೊಡಬೇಡಿ. ಈ ಕೊನೆಯದನ್ನು ನಮ್ಮವರಿಗೆ ಎರಡೆರಡು ಸಲ ಹೇಳಬೇಕಾಗುತ್ತಿತ್ತು, ದಾರ ಕಂಡರೆ ನಮ್ಮ ಬಲಗೈ ತಾನಾಗಿಯೇ ಮುಂದೆ ಹೋಗುತ್ತದೆ. ಪಾಸ್‌ಪೋರ್ಟಿನ ಜೆರಾಕ್ಸ್ ಬೇರೆ ಚೀಲದಲ್ಲಿರಲಿ. ಎಲ್ಲರ ಪಾಸ್‌ಪೋರ್ಟ್ ಒಂದೇ ಕಡೆ ಬೇಡ. ಅಪಾಯವಾದರೆ 112ಕ್ಕೆ ಫೋನ್ ಮಾಡಿ. ಎಲ್ಲಕ್ಕಿಂತ ದೊಡ್ಡದನ್ನು ಕೆಂಪಕ್ಷರದಲ್ಲಿ ಬರೆದಿದ್ದೆ: ಗುಂಪಿನಲ್ಲಿ ತಲೆ ಎತ್ತಿ ಮೇಲೆ ನೋಡಬೇಡಿ, ಮೇಲೆ ನೋಡುವವನೇ ಕಳ್ಳನ ಅನ್ನದಾತ.

ನನಗೋ, ಇಟಲಿಯಲ್ಲಿ ಬೇಕಾಗಿದ್ದುದೇ ಮೇಲೆ ನೋಡುವುದು. ಹುಬ್ಬಳ್ಳಿಯಲ್ಲಿ ಸಿವಿಲ್ ಎಂಜಿನಿಯರಿಂಗ್ ಓದುವಾಗ ನಮ್ಮ ಮೇಷ್ಟ್ರು ಬೋರ್ಡಿನ ಮೇಲೆ ರೋಮಿನ ಒಂದು ಗುಮ್ಮಟ ಬರೆದು ತೋರಿಸಿದ್ದರು. ಕಬ್ಬಿಣದ ಒಂದು ಸರಳೂ ಇಲ್ಲದ ಕಾಂಕ್ರೀಟು, ನೆತ್ತಿಯಲ್ಲಿ ಆಕಾಶಕ್ಕೆ ತೆರೆದ ದೊಡ್ಡ ಕಿಂಡಿ, ಸುಮಾರು ಎರಡು ಸಾವಿರ ವರ್ಷಗಳಿಂದ ನಿಂತೇ ಇದೆ. ಅಂದಿನಿಂದ ನನಗೆ ಅದರದೇ ಹುಚ್ಚು. ಸಿಡ್ನಿಗೆ ಬಂದು ಬದುಕೆಲ್ಲ ಕಾರ್ ಪಾರ್ಕುಗಳಿಗೆ ಕಾಂಕ್ರೀಟು ಸುರಿಸಿದೆ. ಒಂದು ಸಲ ಆ ಗುಮ್ಮಟದ ಕೆಳಗೆ ನಿಂತು ಮೇಲೆ ನೋಡಿದರೆ ಸಾಕು, ಮತ್ತೇನೂ ಬೇಡ ಎಂದು ಹೆಂಡತಿಗೆ ಹೇಳಿ ಹೇಳಿ ಅವಳ ಕಿವಿ ತೂತು ಮಾಡಿದ್ದೆ.

ಕಡೆಗೂ ಹೊರಟೆವು. ನಾವಿಬ್ಬರು, ಎಪ್ಪಿಂಗ್‌ನ ಎರಡು ಕುಟುಂಬ, ಮೆಲ್ಬರ್ನಿನ ಕ್ರಾನ್‌ಬರ್ನ್‌ನಿಂದ ನನ್ನ ಷಡ್ಡಕ, ಅವನ ಹೆಂಡತಿ, ಮಕ್ಕಳು, ಒಟ್ಟು ಹನ್ನೊಂದು ಜನ. ಹೊರಡುವ ಹಿಂದಿನ ವಾರ ಎಲ್ಲರೂ ಸಿಡ್ನಿಯಲ್ಲಿ ಸೇರಿದಾಗ ನಾನು ಸುಮ್ಮನಿರಲಾರದೆ ಇರುವೆ ಬಿಟ್ಟುಕೊಂಡೆ. ಬರೀ ಸ್ಲೈಡ್ ನೋಡಿದರೆ ಆಗದು, ಒಂದು ತಾಲೀಮು ಆಗಲಿ ಎಂದೆ. ಎಪ್ಪಿಂಗ್‌ನಿಂದ ಸಿಟಿಗೆ ಹೋಗುವ ಟ್ರೇನಿನಲ್ಲಿ ನಾನೇ ಕಳ್ಳ, ಉಳಿದವರು ಪ್ರವಾಸಿಗರು.

ಷಡ್ಡಕನ ಹಿಂದಿನ ಜೇಬಿನಿಂದ ಪರ್ಸನ್ನು ಬೆರಳಲ್ಲಿ ಎತ್ತಿದೆ. ಅವನಿಗೆ ಗೊತ್ತೇ ಆಗಲಿಲ್ಲ. ಎದುರಿನ ಸೀಟಿನಲ್ಲಿದ್ದ ಬಿಳಿಗೂದಲಿನ ಹೆಂಗಸಿಗೆ ಗೊತ್ತಾಯಿತು. ಆಕೆ ನನ್ನ ಮಣಿಕಟ್ಟನ್ನು ಗಟ್ಟಿಯಾಗಿ ಹಿಡಿದು, ಮೂರು ಸ್ಟೇಷನ್ನಿನಿಂದ ನಿನ್ನನ್ನೇ ನೋಡುತ್ತಿದ್ದೇನೆ ಎಂದು ಇಂಗ್ಲಿಷಿನಲ್ಲಿ ಇಡೀ ಡಬ್ಬಿಗೆ ಕೇಳುವಂತೆ ಹೇಳಿದರು. ಇದು ಇಟಲಿಗೆ ತಯಾರಿ ಎಂದೆ. ಕದಿಯುವುದಕ್ಕೆ ಅಷ್ಟು ದೂರ ಯಾಕೆ ಹೋಗುತ್ತೀಯ ಎಂದರು. ಒಂಬತ್ತು ಜನ ಒಟ್ಟಿಗೆ ಎದ್ದು ಇವರು ನಮ್ಮ ಅಂಕಲ್, ಒಳ್ಳೆಯವರು ಎಂದು ಸಾಕ್ಷಿ ಹೇಳಿದ್ದರಿಂದ ನಾವೊಂದು ಗ್ಯಾಂಗ್ ಎಂಬುದು ಆಕೆಗೆ ಖಾತ್ರಿಯಾಯಿತು. ಕೊನೆಗೆ ನನ್ನ ಹೆಂಡತಿ ಹತ್ತಿರ ಹೋಗಿ, ಇವರು ನನ್ನ ಗಂಡ, ಮನೆಯಲ್ಲೂ ಹೀಗೇ ಎಂದಳು. ಆಕೆ ಅವಳನ್ನು ಮರುಕದಿಂದ ನೋಡಿ ನನ್ನ ಕೈ ಬಿಟ್ಟರು.

ನನಗೆ ನೆಲ ಬಾಯಿ ಬಿಡಬಾರದೇ ಅನ್ನಿಸಿತ್ತು. ಷಡ್ಡಕನ ಕಣ್ಣಲ್ಲಿ ಮಾತ್ರ ಭಕ್ತಿ.

"ಅಣ್ಣಾರ, ಖರೇನ ಗೊತ್ತಾಗ್ಲಿಲ್ಲ ನೋಡ್ರಿ. ಏನ್ ಕೈರೀ ನಿಮ್ದು. ನಮ್ಮೆಲ್ಲಾರ ಪಾಸ್‌ಪೋರ್ಟ್ ನಿಮ್ಮ ಹಂತ್ಯಾಕ ಇರ್ಲಿ."

"ಎಲ್ಲಾ ಒಂದ ಕಡೆ ಇಡಬ್ಯಾಡ್ರಿ ಅಂತ ನಾನ ಹೇಳೇನಲ್ಲೋ," ಎಂದೆ.

"ಅದು ಮಂದಿಗೆ ಹೇಳೂದ್ರಿ. ನೀವು ಹಿರ್ಯಾರಿದ್ದೀರಿ."

ಕಳ್ಳನ ಕೈಗೇ ಬೀಗದ ಕೈ ಕೊಟ್ಟರು. ಬೇಡ ಎನ್ನಬಹುದಿತ್ತು. ಹಿರಿಯರು ಎಂದ ಕೂಡಲೇ ಉಬ್ಬಿಹೋಗುವ ರೋಗ ನನಗೆ ಮೊದಲಿನಿಂದಲೂ ಇದೆ.

ರೋಮಿನಲ್ಲಿ ನಾಲ್ಕು ದಿನ ನಾನು ಹನ್ನೊಂದು ಪಾಸ್‌ಪೋರ್ಟ್ ತುಂಬಿದ ಬ್ಯಾಗನ್ನು ಹೊಟ್ಟೆಗೆ ಕಟ್ಟಿಕೊಂಡು, ಅದರ ಮೇಲೆ ಎರಡೂ ಕೈ ಇಟ್ಟುಕೊಂಡು ತಿರುಗಿದೆ. ಹೋಟೆಲಿನ ಲಾಕರ್‌ನಲ್ಲಿ ಇಡಬಹುದಿತ್ತು, ಅದನ್ನು ನಂಬಬೇಡಿ ಎಂದು ನಾನೇ ಒಂದು ಸ್ಲೈಡ್ ಮಾಡಿದ್ದೆ. ಬಸ್ಸಿನಲ್ಲಿ ಒಬ್ಬ ಹುಡುಗಿ ಎದ್ದು ನನಗೆ ಸೀಟು ಕೊಟ್ಟಳು. ನನ್ನ ಹೊಟ್ಟೆಗೆ ಏನೋ ಕಾಯಿಲೆ ಎಂದುಕೊಂಡಿರಬೇಕು. ಎಲ್ಲರೂ ಕಾರಂಜಿ, ಕಂಬ, ಮೂರ್ತಿ ನೋಡಿ ಬಂದರು. ನಾನು ಅಪರಿಚಿತರ ಕೈಗಳನ್ನೇ ನೋಡುತ್ತ ದಿನ ಕಳೆದೆ. ಪುರಾಣ ಹೇಳೋಕೆ, ಬದನೆಕಾಯಿ ತಿನ್ನೋಕೆ ಅನ್ನುತ್ತಾರಲ್ಲ, ಹೇಳಿದ ಪುರಾಣವನ್ನೇ ಪಾಲಿಸಹೊರಟ ಮೂರ್ಖ ನಾನೊಬ್ಬನೇ ಇರಬೇಕು.

ಐದನೇ ದಿನ ಗುಮ್ಮಟ. ಒಳಗೆ ಕಾಲಿಡಲು ಜಾಗವಿರಲಿಲ್ಲ. ಸುತ್ತ ಇದ್ದವರೆಲ್ಲ ಬಾಯಿ ತೆರೆದು ಮೇಲೆ ನೋಡುತ್ತಿದ್ದರು. ನಾನು ಹೊಟ್ಟೆ ಹಿಡಿದುಕೊಂಡು ತಲೆ ತಗ್ಗಿಸಿ ನಿಂತೆ. ಎತ್ತಬೇಕು ಎಂದುಕೊಂಡಾಗಲೆಲ್ಲ ಯಾರಾದರೂ ಮೈಗೆ ತಾಗುತ್ತಿದ್ದರು, ಕೈ ಮತ್ತೆ ಜಿಪ್ಪಿಗೆ ಹೋಗುತ್ತಿತ್ತು. ಅಷ್ಟು ವರ್ಷ ಕಾದು ಅದರ ಕೆಳಗೇ ಬಂದು ನಿಂತಿದ್ದೇನೆ, ಕತ್ತು ಏಳುತ್ತಿಲ್ಲ. ಅಳು ಬಂದುಬಿಟ್ಟಿತು.

ಹೆಂಡತಿ ನೋಡಿದಳು. "ಕೊಡ್ರಿ ಇತ್ತಾಗ," ಎಂದಳು.

"ಎರಡೂ ಕೈಲೆ ಹಿಡಿ. ಯಾರರ ಮಾತಾಡಿಸಿದ್ರ ಮಾತಾಡಬ್ಯಾಡ. ಜಿಪ್ಪಿನ ಮ್ಯಾಲಿಂದ ಕಣ್ಣು ತಗೀಬ್ಯಾಡ."

"ಹೂಂ. ನೀವು ನೋಡ್ರಿ."

ನೋಡಿದೆ. ಮೇಷ್ಟ್ರು ಬೋರ್ಡಿನ ಮೇಲೆ ಬರೆದದ್ದು ಏನೂ ಅಲ್ಲ. ಕಿಂಡಿಯಿಂದ ಇಳಿದ ಬಿಸಿಲು ಗೋಡೆಯ ಮೇಲೆ ದುಂಡಗೆ ಬಿದ್ದಿತ್ತು. ಚೌಕ ಚೌಕವಾಗಿ ಕೊರೆದ ಕಾಂಕ್ರೀಟು ಮೇಲೆ ಹೋದಂತೆ ಹಗುರವಾಗಿ, ಭಾರವೇ ಇಲ್ಲವೇನೋ ಅನ್ನಿಸುತ್ತಿತ್ತು. ಕತ್ತು ನೋಯುವವರೆಗೂ ನೋಡಿದೆ. ಬಹಳ ಸಂತೋಷವಾಯಿತು.

ಒಂದು ಪಾಸ್‌ಪೋರ್ಟೂ ಕಳೆಯದೆ ವಾಪಸಾದೆವು. ಕೆಲವು ತಿಂಗಳ ನಂತರ ಇಟಲಿಗೆ ಹೊರಟ ಇನ್ನೊಂದು ಗುಂಪು ನಮ್ಮ ಮನೆಗೆ ಬಂತು. ಈಗ ನಾನು ಹೋಗಿ ಬಂದ ಪರಿಣತ. ಗುಮ್ಮಟದ ಬಗ್ಗೆಯೇ ಅರ್ಧ ಗಂಟೆ ಮಾತಾಡಿದೆ. ಚಹಾ ತಂದ ನನ್ನ ಹೆಂಡತಿಯನ್ನು ಬೆಂಗಳೂರಿನ ಒಬ್ಬ ಹುಡುಗಿ ಕೇಳಿದಳು, "ಆಂಟಿ, ನಿಮಗೂ ಅಷ್ಟೇ ಇಷ್ಟ ಆಯ್ತಾ?"

"ನೆಲ ಭಾಳ ಚಲೋ ಅದರೀ," ಎಂದಳು ಇವಳು. "ಬಣ್ಣಬಣ್ಣದ ಕಲ್ಲು. ನಡುವ ಮಳಿನೀರು ಹೋಗಾಕ ಸಣ್ಣ ಸಣ್ಣ ತೂತು ಮಾಡ್ಯಾರ."

ಎಲ್ಲರೂ ನಕ್ಕರು. ನಾನೂ ನಗುತ್ತಲೇ ಕೇಳಿದೆ, "ಮ್ಯಾಲ ನೋಡ್ಲಿಲ್ಲೇನು?"

"ಬ್ಯಾಗ್ ನನ್ನ ಕೈಯಾಗಿತ್ತಲ್ಲರಿ," ಎಂದು ಅವಳು ಟ್ರೇ ಹಿಡಿದು ಮುಂದಿನವರ ಕಡೆಗೆ ಹೋದಳು. ಅವಳ ಮಾತಿನಲ್ಲಿ ದೂರೇನೂ ಇರಲಿಲ್ಲ. ಅಲ್ಲಿ ಕತ್ತು ನೋಯುವಷ್ಟು ಹೊತ್ತು ನಿಂತಿದ್ದೆ, ಒಂದು ಸಲವೂ ಅವಳ ಕಡೆ ನೋಡಿರಲಿಲ್ಲ.