‘ಏನೂ ಇಲ್ಲ’ ಎಂಬ ಉತ್ತರವನ್ನು ನಂಬದವರು

ಮಾರ್ಚ್ ೧೧, ಮಂಗಳವಾರ, ಬೆಳಿಗ್ಗೆ ಆರು ಗಂಟೆ ನಲವತ್ತು ನಿಮಿಷ. ವೈದ್ಯಕೀಯ ಮಾಸಪತ್ರಿಕೆಯೊಂದರ ಕಚೇರಿ ಇರುವ ಮೂರನೇ ಮಹಡಿಯಲ್ಲಿ ಒಂದೇ ದೀಪ ಉರಿಯುತ್ತಿದೆ. ಅದರ ಕೆಳಗೆ ಐವತ್ನಾಲ್ಕು ವರ್ಷದ ಹೆಂಗಸೊಬ್ಬರು ಫೋನನ್ನು ಭುಜಕ್ಕೂ ಕಿವಿಗೂ ನಡುವೆ ಸಿಕ್ಕಿಸಿಕೊಂಡು ಪೆನ್ಸಿಲ್ ಚೂಪು ಮಾಡುತ್ತಿದ್ದಾರೆ. ಆ ತುದಿಯಲ್ಲಿ ಆಪರೇಷನ್ ಥಿಯೇಟರಿಗೆ ಹೊರಟು ನಿಂತ ಮೂಳೆ ಡಾಕ್ಟರು.

“ಸರ್, ಹೋದ ವರ್ಷ ಸಮ್ಮೇಳನಕ್ಕೆ ಹೋಗಿದ್ರಲ್ಲ, ವಿಮಾನದ ಟಿಕೆಟ್ ಯಾರು ತೆಗೆಸಿದ್ದು?”

ಉತ್ತರವಿಲ್ಲ. ಇವರು ಗೋಡೆ ಗಡಿಯಾರ ನೋಡಿ ಫಾರಂನ ಅಂಚಿನಲ್ಲಿ ‘೬ ಸೆಕೆಂಡ್’ ಎಂದು ಬರೆದುಕೊಳ್ಳುತ್ತಾರೆ. ಕೊನೆಗೆ ಡಾಕ್ಟರು ಕೃತಕ ಕೀಲು ತಯಾರಿಸುವ ಕಂಪನಿಯೊಂದರ ಹೆಸರು ಹೇಳುತ್ತಾರೆ.

“ಅಷ್ಟೇ ಸರ್. ಅದನ್ನೇ ಎರಡು ಸಾಲು ಬರೆದು ಕಳಿಸಿ. ತಗೊಂಡಿದ್ದು ತಪ್ಪಲ್ಲ, ಮುಚ್ಚಿಟ್ಟಿದ್ದು ತಪ್ಪು.”

ಔಷಧ ಅಥವಾ ಉಪಕರಣದ ಬಗ್ಗೆ ಸಂಶೋಧನಾ ಲೇಖನ ಬರೆಯುವ ವೈದ್ಯರು, ಅದನ್ನು ಮಾರುವವರಿಂದ ತಮಗೇನಾದರೂ ಬಂದಿದೆಯೇ, ತಮ್ಮವರು ಯಾರಾದರೂ ಅಲ್ಲಿದ್ದಾರೆಯೇ ಎಂದು ಓದುಗರಿಗೆ ತಿಳಿಸಬೇಕು. ಅದಕ್ಕೊಂದು ಫಾರಂ ಇದೆ. ಹತ್ತು ಫಾರಂ ಬಂದರೆ ಒಂಬತ್ತರಲ್ಲಿ ಎರಡೇ ಪದ: ‘ಏನೂ ಇಲ್ಲ’. ಕಚೇರಿಯವರೆಲ್ಲ ‘ತನಿಖೆ ಅಕ್ಕ’ ಎಂದು ಕರೆಯುವ ಈ ಪರಿಶೀಲಕಿಯ ಕೆಲಸ ಶುರುವಾಗುವುದೇ ಆ ಎರಡು ಪದಗಳಿಂದ.

“ಹಿತಾಸಕ್ತಿ ಇದೆಯಾ ಅಂತ ಕೇಳಿದ್ರೆ ಯಾರು ತಾನೆ ಇದೆ ಅಂತಾರೆ? ಅಷ್ಟು ದೊಡ್ಡ ಪದ ಕೇಳಿದ್ರೆ ನನಗೂ ಇಲ್ಲ ಅನ್ನಬೇಕು ಅನ್ಸುತ್ತೆ” ಎನ್ನುತ್ತಾರೆ ಅಕ್ಕ. ಹಾಗಾಗಿ ಅವರು ನಾಲ್ಕು ಸಣ್ಣ ಪ್ರಶ್ನೆ ಕೇಳುತ್ತಾರೆ. ಟಿಕೆಟ್ ಯಾರದು? ಯಂತ್ರ ಯಾರು ಕೊಟ್ಟರು? ರೋಗಿಗಳ ವಿವರ ಬರೆದುಕೊಂಡ ನರ್ಸಿಗೆ ಸಂಬಳ ಯಾರದು? ಮನೆಯವರು ಯಾರಾದರೂ ಆ ಕಂಪನಿಯಲ್ಲಿದ್ದಾರಾ? ಬೆಳಿಗ್ಗೆ ಎಂಟರೊಳಗೆ ಆರೇಳು ಕರೆ. “ಕತ್ತರಿ ಕೈಗೆ ತಗೊಳ್ಳೋ ಮುಂಚೆ ಹಿಡೀಬೇಕು. ಆಮೇಲೆ ಸರ್ಜನ್ನು ಹೆಂಡತಿಗೂ ಸಿಗಲ್ಲ.”

ಹದಿನೇಳು ವರ್ಷ ಆಸ್ಪತ್ರೆಯ ದಾಖಲೆ ಕೋಣೆಯಲ್ಲಿ ರೋಗಿಗಳ ಕಡತ ಜೋಡಿಸಿದವರು ಇವರು. ಕಂಪ್ಯೂಟರ್ ಬಂದಾಗ ಆ ಕೋಣೆಗೆ ಬೀಗ ಬಿತ್ತು. ಕರಡು ತಿದ್ದಲು ಇಲ್ಲಿ ಸೇರಿದರು. ಕಾಗುಣಿತ ನೋಡುತ್ತಾ ನೋಡುತ್ತಾ ಒಂದು ವಿಷಯ ಗಮನಕ್ಕೆ ಬಂತು: ಒಂದೇ ಮಾತ್ರೆಯನ್ನು ಹೊಗಳುವ ಐದು ಲೇಖನಗಳಲ್ಲಿ ವಾಕ್ಯಗಳೂ ಒಂದೇ. ಐವರಿಗೂ ಯಾರೋ ಒಬ್ಬರೇ ಬರೆದುಕೊಟ್ಟಿದ್ದರು. ಅಂದಿನಿಂದ ಫಾರಂಗಳ ಕಟ್ಟು ಇವರ ಮೇಜಿಗೆ ಬಂತು. ಹೋದ ವರ್ಷ ಅಚ್ಚಾದ ೨೩೬ ಲೇಖನಗಳಲ್ಲಿ ೪೧ ಲೇಖನಗಳ ‘ಏನೂ ಇಲ್ಲ’ ಇವರ ಫೋನಿನ ನಂತರ ‘ಇದೆ’ ಎಂದಾಗಿದೆ.

ಅಕ್ಕನೂ ಒಮ್ಮೆ ಎಡವಿದ್ದಾರೆ. ಆರು ವರ್ಷದ ಹಿಂದೆ ಹೊಟ್ಟೆಯುರಿಯ ಮಾತ್ರೆಯೊಂದರ ಲೇಖನವನ್ನು ಜಾಲಾಡಿ, ಎಲ್ಲರಿಗೂ ನಾಲ್ಕೂ ಪ್ರಶ್ನೆ ಕೇಳಿ, ಅಚ್ಚಾದ ಸಂಚಿಕೆಯನ್ನು ಮನೆಗೆ ಒಯ್ದರು. ಔಷಧ ಕಂಪನಿಯಲ್ಲಿ ಮಾರಾಟ ಪ್ರತಿನಿಧಿಯಾಗಿರುವ ಅವರ ತಮ್ಮ, ಪುಟ ತಿರುವಿ, “ಅಕ್ಕಾ, ಇದು ನಮ್ಮ ಮಾತ್ರೆ!” ಎಂದು ಕುಣಿದ. ನಾಲ್ಕನೇ ಪ್ರಶ್ನೆಯನ್ನು ಅಕ್ಕ ತಮಗೇ ಕೇಳಿಕೊಂಡಿರಲಿಲ್ಲ!

ಮುಂದಿನ ಸಂಚಿಕೆಯಲ್ಲಿ ಪರಿವಿಡಿಯ ಕೆಳಗೆ ಒಂದು ಹೊಸ ಸಾಲು ಬಂತು: ಘೋಷಣೆಗಳನ್ನು ಪರಿಶೀಲಿಸಿದವರು ಇಂಥವರು, ಇವರ ತಮ್ಮ ಇಂಥವನು ಇಂಥ ಕಂಪನಿಯಲ್ಲಿದ್ದಾನೆ. ಕಚೇರಿ ನಕ್ಕಿತು. ಇವರು ಬಿಡಲಿಲ್ಲ. ಆ ಸಾಲು ಎಪ್ಪತ್ತೊಂದು ಸಂಚಿಕೆಗಳಲ್ಲಿ ತಪ್ಪದೆ ಬಂದಿದೆ.

“ತಿಂಗಳು ತಿಂಗಳು ನನ್ನ ಮಾನ ಅಚ್ಚು ಹಾಕಿಸ್ತಾಳೆ” ಎಂದು ತಮ್ಮ ದೂರುತ್ತಾನೆ. “ನನ್ನ ಮದುವೆಗೂ ಇಷ್ಟು ಸಲ ಹೆಸರು ಪ್ರಿಂಟಾಗಿರಲಿಲ್ಲ.”

“ಕೆಲಸ ಬಿಡೋ, ತೆಗೆಸ್ತೀನಿ” ಎನ್ನುತ್ತಾರೆ ಅಕ್ಕ.

ಈ ವಾರ ಆ ಸಾಲೇ ಪಣಕ್ಕೆ ಬಿದ್ದಿದೆ. ಏಪ್ರಿಲ್ ಸಂಚಿಕೆಯ ಮೊದಲ ಲೇಖನ, ಸಕ್ಕರೆ ಕಾಯಿಲೆಯವರ ಕಾಲಿನ ಹುಣ್ಣಿಗೆ ಸುತ್ತುವ ಹೊಸ ಪಟ್ಟಿಯ ಬಗ್ಗೆ. ಅರವತ್ನಾಲ್ಕು ರೋಗಿಗಳ ಮೇಲೆ ನಡೆದ ಅಧ್ಯಯನ. ಬರೆದವರು ಪತ್ರಿಕೆಯ ಸಲಹಾ ಮಂಡಳಿಯಲ್ಲಿರುವ ಹಿರಿಯ ಸರ್ಜನ್, ಸಂಪಾದಕರಿಗೆ ಪಾಠ ಹೇಳಿದವರು. ಫಾರಂನಲ್ಲಿ ‘ಏನೂ ಇಲ್ಲ’. ಆದರೆ ಆ ಪಟ್ಟಿಯ ಪೇಟೆಂಟ್ ಅರ್ಜಿ ಎಲ್ಲರೂ ನೋಡಬಹುದಾದ ದಾಖಲೆ. ಅಕ್ಕ ಅದನ್ನು ತೆಗೆದು ನೋಡಿದರೆ, ಅರ್ಜಿದಾರನ ವಿಳಾಸವೂ ಲೇಖಕರ ಕ್ಲಿನಿಕ್ಕಿನ ವಿಳಾಸವೂ ಒಂದೇ, ಬಾಗಿಲ ಸಂಖ್ಯೆಯ ಸಮೇತ. ವಿಚಾರಿಸಿದರೆ, ಅರ್ಜಿದಾರ ಸರ್ಜನ್ನರ ಅಳಿಯ.

ಏಳು ಗಂಟೆ ಹತ್ತು ನಿಮಿಷಕ್ಕೆ ಸರ್ಜನ್ನರಿಗೆ ಕರೆ ಹೋಗುತ್ತದೆ. ಫೋನಿನಿಂದ ಸಿಡಿಯುವ ದನಿ ಕೋಣೆಗೆಲ್ಲ ಕೇಳಿಸುತ್ತದೆ.

“ನಾನು ಯಾರು ಅಂತ ಗೊತ್ತೇನಮ್ಮ? ನಲವತ್ತು ವರ್ಷ ಚಾಕು ಹಿಡಿದ ಕೈ ಇದು!”

“ನಿಮ್ಮ ಕೈ ಮೇಲೆ ನನಗೆ ಅನುಮಾನ ಇಲ್ಲ ಸರ್. ಅಳಿಯಂದಿರ ವಿಳಾಸದ ಮೇಲೆ.”

ಫೋನು ಕಟ್ಟಾಗುತ್ತದೆ. ಹತ್ತು ಗಂಟೆಗೆ ಸಂಪಾದಕರ ಕೋಣೆಯಿಂದ ಕರೆ ಬರುತ್ತದೆ. ಅವರ ಮೇಜಿನ ಮೇಲೆ ಅಕ್ಕನ ಮುಂದಿನ ವರ್ಷದ ನೇಮಕದ ಕಾಗದವಿದೆ. ಈಗಿನ ಅವಧಿ ಮಾರ್ಚ್ ಮೂವತ್ತೊಂದಕ್ಕೆ ಮುಗಿಯುತ್ತದೆ. ಸಹಿ ಇನ್ನೂ ಬಿದ್ದಿಲ್ಲ.

“ನೋಡಮ್ಮ, ಅವರು ನನ್ನ ಗುರುಗಳು. ಈಗ ಹೋಗಲಿ ಬಿಡಿ. ಇದರ ಮುಂದಿನ ಸಂಚಿಕೆಯ ಕೊನೇ ಪುಟದಲ್ಲಿ ಒಂದು ತಿದ್ದುಪಡಿ ಹಾಕೋಣ.”

“ಗುರುಗಳು ನಿಮಗೆ ಸರ್. ಹುಣ್ಣಾದ ಕಾಲಿಗಲ್ಲ. ಈ ಸಂಚಿಕೆ ಓದಿದ ಡಾಕ್ಟರು ಆ ತಿಂಗಳೇ ಪಟ್ಟಿ ಸುತ್ತುತ್ತಾರೆ. ತಿದ್ದುಪಡಿ ಬರೋವರೆಗೆ ಕಾಲು ಕಾಯುತ್ತಾ?”

“ಪಟ್ಟಿ ಒಳ್ಳೇದೇ ಇರಬಹುದಲ್ಲ?”

“ಇರಬಹುದು. ಹಾಗಿದ್ರೆ ಹೆದರಿಕೆ ಯಾಕೆ? ಲೇಖನ ತಡೀರಿ ಅಂತ ನಾನು ಹೇಳ್ತಿಲ್ಲ. ಅಳಿಯ ಇದ್ದಾನೆ ಅಂತ ಹೇಳಿ, ಹೆಸರಿನ ಕೆಳಗೇ ಹೇಳಿ. ಕೊನೇ ಪುಟ ಓದೋಷ್ಟು ಪುರುಸೊತ್ತು ಯಾವ ಡಾಕ್ಟರಿಗಿದೆ?”

ಸಂಪಾದಕರು ನೇಮಕದ ಕಾಗದವನ್ನು ಎಡಗಡೆಯಿಂದ ಬಲಗಡೆಗೆ ಸರಿಸುತ್ತಾರೆ. ಅಕ್ಕ ಅದನ್ನು ನೋಡುತ್ತಾರೆ. ನೋಡಿದ್ದನ್ನು ಮರೆಮಾಚುವುದಿಲ್ಲ.

“ಅದಕ್ಕೆ ಸಹಿ ಹಾಕೋದು ಬಿಡೋದು ನಿಮಗೆ ಬಿಟ್ಟಿದ್ದು. ನನ್ನ ಸಹಿ ನನಗೆ ಬಿಟ್ಟಿದ್ದು. ಘೋಷಣೆ ಇಲ್ಲದೆ ಹೋದ್ರೆ ಪರಿವಿಡಿ ಕೆಳಗಿರೋ ಸಾಲಿಂದ ನನ್ನ ಹೆಸರು ತೆಗೀರಿ. ಎಪ್ಪತ್ತೊಂದು ಸಲ ಬಂದಿದ್ದು ಈ ಸಲ ಯಾಕಿಲ್ಲ ಅಂತ ಕೇಳಿದವರಿಗೆ ಏನು ಹೇಳ್ತೀರೋ ಯೋಚನೆ ಮಾಡಿಟ್ಕೊಳ್ಳಿ.”

ಹೊರಬಂದವರು ಕುರ್ಚಿಯಲ್ಲಿ ಕೂತು ನೀರು ಕುಡಿಯುತ್ತಾರೆ. “ಭಯ ಇಲ್ಲ ಅಂದ್ರೆ ಅದೂ ಒಂದು ಸುಳ್ಳು ಘೋಷಣೆ” ಎಂದು ನಗುತ್ತಾರೆ. ಮಗಳ ಓದು ಇನ್ನೂ ಒಂದು ವರ್ಷ ಬಾಕಿಯಿದೆ. ಈ ವಯಸ್ಸಿನಲ್ಲಿ ಬೇರೆ ಕೆಲಸ ಹುಡುಕುವುದು ಹುಡುಗಾಟವಲ್ಲ. ಆದರೂ ಮುಂದಿನ ಫಾರಂ ಎಳೆದುಕೊಳ್ಳುತ್ತಾರೆ.

ಬುಧವಾರ, ಗುರುವಾರ ಅಕ್ಕ ಎಂದಿನಂತೆ ಬೆಳಗಿನ ಕರೆಗಳನ್ನು ಮುಗಿಸುತ್ತಾರೆ. ಶುಕ್ರವಾರ ಪುಟಗಳು ಅಚ್ಚಿಗೆ ಹೋಗಬೇಕು. ಬೆಳಿಗ್ಗೆ ಹನ್ನೊಂದಕ್ಕೆ ಸಂಪಾದಕರೇ ಎದ್ದು ಬಂದು ಪುಟ ಜೋಡಿಸುವವರ ಹಿಂದೆ ನಿಲ್ಲುತ್ತಾರೆ. “ಗುರುಗಳು ಎರಡು ಸಾಲು ಕಳಿಸಿದ್ದಾರೆ. ಬೈದುಕೊಂಡೇ ಕಳಿಸಿದ್ದಾರೆ. ಹಾಕಿ” ಎನ್ನುತ್ತಾರೆ. ಎಲ್ಲಿ ಎಂದು ಪುಟ ಜೋಡಿಸುವವರು ಕೇಳುತ್ತಾರೆ. ಸಂಪಾದಕರು ಅಕ್ಕನ ಕಡೆ ನೋಡದೆ, “ಅವರನ್ನೇ ಕೇಳಿ” ಎಂದು ಹೊರಟುಹೋಗುತ್ತಾರೆ.

ನೇಮಕದ ಕಾಗದಕ್ಕೆ ಅಂದೂ ಸಹಿ ಬೀಳುವುದಿಲ್ಲ. ಪುಟದ ಪ್ರತಿ ಕೈಗೆ ಬಂದಾಗ ಅಕ್ಕ ಡ್ರಾಯರಿನಿಂದ ಉಕ್ಕಿನ ಸ್ಕೇಲ್ ತೆಗೆಯುತ್ತಾರೆ. ‘ಈ ಪಟ್ಟಿಯ ಪೇಟೆಂಟ್‌ಗೆ ಅರ್ಜಿ ಸಲ್ಲಿಸಿದವರು ಲೇಖಕರ ಅಳಿಯ’ ಎಂದು ಶುರುವಾಗುವ ಆ ಎರಡು ಸಾಲಿಗೂ ಲೇಖನದ ಶೀರ್ಷಿಕೆಗೂ ನಡುವಿನ ಅಂತರ ಹನ್ನೊಂದು ಮಿಲಿಮೀಟರ್.